ಆರ್ಕ್ ದೀಪದಿಂದ ಲೇಸರ್‌ವರೆಗೆ: ಸಿನಿಮಾ ದೀಪದ ಕರೆಂಟನ್ನು ಅಳೆಯುವ ಪ್ರಶ್ನೆ

ಚಿತ್ರಮಂದಿರದಲ್ಲಿ ಪ್ರೇಕ್ಷಕ ದುಡ್ಡು ಕೊಟ್ಟು ಕೊಳ್ಳುವುದು ಬೆಳಕನ್ನು. ಛಾಯಾಗ್ರಾಹಕ ತಿಂಗಳುಗಟ್ಟಲೆ ಕೂತು ತೂಗಿ ನೋಡಿದ ನೆರಳು, ನಟಿಯ ಕಣ್ಣಂಚಿನ ಹೊಳಪು, ರಾತ್ರಿ ದೃಶ್ಯದ ನೀಲಿ, ಎಲ್ಲವೂ ಕೊನೆಗೆ ಪ್ರೊಜೆಕ್ಟರ್ ರೂಮಿನೊಳಗಿನ ಒಂದು ದೀಪವನ್ನು ನಂಬಿಕೊಂಡಿವೆ. ಆ ದೀಪಕ್ಕೆ ಎಷ್ಟು ಕರೆಂಟು ಹರಿಯುತ್ತಿದೆ, ಅದನ್ನು ಯಾರು ನೋಡಬೇಕು, ಯಾವ ಸಾಧನದಿಂದ ನೋಡಬೇಕು ಎಂಬ ಪ್ರಶ್ನೆ ಸಿನಿಮಾದಷ್ಟೇ ಹಳೆಯದು. ಆದರೂ ಸಿನಿಮಾ ಕುರಿತ ನಮ್ಮ ಬರವಣಿಗೆಯಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ತೀರಾ ಕಡಿಮೆ. ತಂತ್ರಜ್ಞರ ನಡುವೆ ಮಾತ್ರ ಈ ವಾದ ನೂರು ವರ್ಷಗಳಿಂದ ನಡೆದಿದೆ. ಒಬ್ಬರು ಆಪರೇಟರನ ಕಣ್ಣನ್ನೇ ನಂಬುತ್ತಾರೆ, ಇನ್ನೊಬ್ಬರು ಆಂಪಿಯರನ್ನು ಹಿಡಿದಿಡಬೇಕು ಎನ್ನುತ್ತಾರೆ, ಮತ್ತೊಬ್ಬರು ವಾಟನ್ನು ಎನ್ನುತ್ತಾರೆ, ಉಳಿದವರು ಅವನ್ನೆಲ್ಲ ಬಿಟ್ಟು ಪರದೆಯ ಮೇಲಿನ ಬೆಳಕನ್ನೇ ಅಳೆಯಿರಿ ಎನ್ನುತ್ತಾರೆ. ಈ ನಾಲ್ಕು ನಿಲುವುಗಳನ್ನು ಅವು ಹುಟ್ಟಿದ ಸಂದರ್ಭದೊಡನೆ ಇಟ್ಟು ನೋಡುವುದು ಈ ಲೇಖನದ ಕೆಲಸ. ಕರೆಂಟಿನ ಅಳತೆ ದೀಪವನ್ನು ಕಾಯುತ್ತದೆ, ಚಿತ್ರವನ್ನು ಕಾಯುವುದಿಲ್ಲ. ಇವೆರಡನ್ನು ಒಂದೇ ಎಂದು ತಿಳಿದದ್ದರಿಂದಲೇ ಸಣ್ಣ ಊರುಗಳ ಪರದೆಗಳು ಮಂಕಾಗಿ ಉಳಿದವು ಎಂಬುದು ನನ್ನ ವಾದ.

ಉದಾಹರಣೆಗೆ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕನ್ನಡಿಗರಿಗೆ ಇದು ದೂರದ ಸೀಮೆಯಲ್ಲ. 1965ರ ಅಕ್ಟೋಬರ್ 2ರಂದು ಸೇಲಂನಿಂದ ಧರ್ಮಪುರಿ ಜಿಲ್ಲೆ ಬೇರೆಯಾಯಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಗುವವರೆಗೆ ಹೊಸೂರು, ತಳಿ, ಡೆಂಕಣಿಕೋಟೆ ಎಲ್ಲವೂ ಇದರೊಳಗೇ ಇದ್ದವು. ಆ ಊರುಗಳಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಮನೆಮಾತು. ಇತ್ತ ಸೇಲಂ ನಗರ ದಕ್ಷಿಣ ಭಾರತದ ಸಿನಿಮಾ ತಯಾರಾದ ಊರುಗಳಲ್ಲಿ ಒಂದು. ಯೇರ್ಕಾಡು ರಸ್ತೆಯಲ್ಲಿ ಟಿ.ಆರ್. ಸುಂದರಂ ಕಟ್ಟಿದ ಮಾಡರ್ನ್ ಥಿಯೇಟರ್ಸ್ 1937ರಲ್ಲಿ ‘ಸತಿ ಅಹಲ್ಯಾ’ ತೆಗೆಯಿತು. 1938ರಲ್ಲಿ ಮಲಯಾಳದ ಮೊದಲ ಟಾಕಿ ‘ಬಾಲನ್’, 1956ರಲ್ಲಿ ತಮಿಳಿನ ಮೊದಲ ಪೂರ್ಣ ವರ್ಣಚಿತ್ರ ‘ಅಲಿಬಾಬಾವುಂ 40 ತಿರುಡರ್ಗಳುಂ’ ಅಲ್ಲಿಂದಲೇ ಬಂದವು. ಚಿತ್ರ ತಯಾರಾಗುತ್ತಿದ್ದ ನಗರ, ಅದಕ್ಕೆ ಹತ್ತಿರದಲ್ಲೇ ಟೆಂಟು ಹಾಕಿ ಚಿತ್ರ ತೋರಿಸುತ್ತಿದ್ದ ಹಳ್ಳಿ, ಪಕ್ಕದಲ್ಲೇ ಮೆಟ್ಟೂರಿನ ಜಲವಿದ್ಯುತ್ತು, ಅದೇ ತಂತಿಯನ್ನು ಹಂಚಿಕೊಂಡ ಸಾವಿರಾರು ಪಂಪ್‌ಸೆಟ್ಟು ಮತ್ತು ಮಗ್ಗ: ದೀಪದ ಕರೆಂಟಿನ ಪ್ರಶ್ನೆಯ ಎಲ್ಲ ಎಳೆಗಳೂ ಒಂದೇ ಕಡೆ ಸಿಗುವ ಪ್ರದೇಶ ಇದು.

ಆರ್ಕಿನ ವಿಚಿತ್ರ ಗುಣ

ಎರಡು ಕಾರ್ಬನ್ ಕಡ್ಡಿಗಳ ತುದಿಯನ್ನು ಮುಟ್ಟಿಸಿ ಸ್ವಲ್ಪ ದೂರ ಸರಿಸಿದರೆ ನಡುವೆ ಕಣ್ಣು ಕೋರೈಸುವ ಬೆಂಕಿ ನಿಲ್ಲುತ್ತದೆ. ಇದೇ ಆರ್ಕ್. ಮಾಮೂಲು ಬಲ್ಬಿನ ತಂತಿಯಲ್ಲಿ ವೋಲ್ಟೇಜು ಹೆಚ್ಚಿದರೆ ಕರೆಂಟು ಹೆಚ್ಚುತ್ತದೆ, ಕಡಿಮೆಯಾದರೆ ಕಡಿಮೆಯಾಗುತ್ತದೆ. ಕಾರ್ಬನ್ ಆರ್ಕಿನ ನಡತೆ ಬೇರೆ. ಅದರಲ್ಲಿ ಕರೆಂಟು ಹೆಚ್ಚಾದಷ್ಟೂ ಅದಕ್ಕೆ ಬೇಕಾದ ವೋಲ್ಟೇಜು ಇಳಿಯುತ್ತದೆ. ಹಾಗಾಗಿ ಸ್ಥಿರ ವೋಲ್ಟೇಜಿನ ಮೂಲಕ್ಕೆ ನೇರವಾಗಿ ಜೋಡಿಸಿದರೆ ಕರೆಂಟು ತಡೆಯಿಲ್ಲದೆ ಏರಿ ಫ್ಯೂಸು ಹಾರುತ್ತದೆ, ಇಲ್ಲವೇ ಆರ್ಕ್ ಆರಿಹೋಗುತ್ತದೆ. ಈ ಸಂಬಂಧವನ್ನು ಕ್ರಮವಾಗಿ ಅಳೆದು ಸೂತ್ರಕ್ಕೆ ತಂದವರು ಇಂಗ್ಲೆಂಡಿನ ಹರ್ತಾ ಅಯರ್ಟನ್. 1902ರಲ್ಲಿ ಬಂದ ಅವರ ‘ದಿ ಎಲೆಕ್ಟ್ರಿಕ್ ಆರ್ಕ್’ ಪುಸ್ತಕ ಆರ್ಕ್ ಯಾಕೆ ಬುಸುಗುಡುತ್ತದೆ ಎಂಬುದನ್ನೂ ಬಿಡಿಸಿ ಹೇಳಿತು. ಕರೆಂಟು ಮಿತಿ ಮೀರಿದಾಗ ಕಡ್ಡಿಯ ತುದಿಯ ಕುಳಿ ಅಂಚಿನಾಚೆಗೆ ಹರಡುತ್ತದೆ, ಹೊರಗಿನ ಆಮ್ಲಜನಕ ಬಿಸಿ ಕಾರ್ಬನ್ನಿಗೆ ನೇರವಾಗಿ ತಾಗುತ್ತದೆ, ಆಗ ಆ ಸದ್ದು ಹುಟ್ಟುತ್ತದೆ. ಸಿನಿಮಾ ಆಪರೇಟರುಗಳು ಕಿವಿಗೊಟ್ಟು ಕರೆಂಟು ತಿಳಿಯುತ್ತಿದ್ದುದಕ್ಕೆ ಇದೇ ಶಾಸ್ತ್ರಾಧಾರ.

ಆರ್ಕಿಗೆ ಲಗಾಮು ಹಾಕಲು ಸರಣಿಯಲ್ಲಿ ಒಂದು ರೆಸಿಸ್ಟೆನ್ಸ್ ಬೇಕು. ಅದನ್ನೇ ಬ್ಯಾಲಾಸ್ಟ್ ಎನ್ನುವುದು. ಟೂರಿಂಗ್ ಟಾಕೀಸಿನ ಲೆಕ್ಕ ಹಾಕಿ ನೋಡೋಣ. ಆಯಿಲ್ ಎಂಜಿನ್ ತಿರುಗಿಸುವ ಡೈನಮೋ 110 ವೋಲ್ಟ್ ಡಿಸಿ ಕೊಡುತ್ತದೆ, ಆರ್ಕ್ ಕುಡಿಯುವುದು 50 ವೋಲ್ಟ್, ಕರೆಂಟು 30 ಆಂಪಿಯರ್ ಎಂದುಕೊಳ್ಳಿ. ಉಳಿದ 60 ವೋಲ್ಟ್ ಬ್ಯಾಲಾಸ್ಟಿನಲ್ಲಿ ಬೀಳಬೇಕು, ಅಂದರೆ ಅದರ ತಡೆ 2 ಓಂ. ಡೈನಮೋ ಕೊಟ್ಟ 3300 ವಾಟಿನಲ್ಲಿ 1800 ವಾಟು ಬರೀ ಬಿಸಿಯಾಗಿ ಹೋಯಿತು. ಈಗ ಎಂಜಿನ್ ಸ್ವಲ್ಪ ಬಳಲಿ ವೋಲ್ಟೇಜು 100ಕ್ಕೆ ಇಳಿದರೆ ಕರೆಂಟು 25 ಆಂಪಿಯರಿಗೆ ಕುಸಿಯುತ್ತದೆ. ಮೂಲದಲ್ಲಿ ಇಳಿದದ್ದು ಶೇ. 9, ದೀಪದಲ್ಲಿ ಇಳಿದದ್ದು ಶೇ. 17, ಪರದೆಯಲ್ಲಿ ಅದಕ್ಕಿಂತಲೂ ಹೆಚ್ಚು. ದಂಡವಾಗುವ ವಿದ್ಯುತ್ತು ಉಳಿಸೋಣವೆಂದು ಬ್ಯಾಲಾಸ್ಟನ್ನು ಚಿಕ್ಕದು ಮಾಡಿದರೆ ಈ ಕುಸಿತ ಇನ್ನೂ ಹೆಚ್ಚಾಗುತ್ತದೆ. ಸ್ಥಿರತೆಗೂ ಉಳಿತಾಯಕ್ಕೂ ನಡುವಿನ ಈ ಎಳೆದಾಟ ಇಡೀ ಚರ್ಚೆಯ ಮೂಲ. ಮುಂದೆ ಬಂದ ಪ್ರತಿಯೊಂದು ಸಾಧನವೂ ಎರಡನ್ನೂ ಒಟ್ಟಿಗೆ ಪಡೆಯುವ ಪ್ರಯತ್ನವೇ.

ಮೆಟ್ಟೂರಿನ ತಂತಿ ಬಂದ ಮೇಲೆ

ಕಾವೇರಿಯಿಂದ ಮೈಸೂರು ಸಂಸ್ಥಾನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ತು ತೆಗೆದು ಕೋಲಾರದ ಗಣಿಗೆ ಕೊಟ್ಟಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಅದೇ ನದಿಯ ಕೆಳಭಾಗದಲ್ಲಿ, ಸೇಲಂ ಜಿಲ್ಲೆಯಲ್ಲಿ, ಮೆಟ್ಟೂರು ಅಣೆಕಟ್ಟು ಮುಗಿದದ್ದು 1934ರಲ್ಲಿ, ಅದರ ವಿದ್ಯುದಾಗಾರ ಕೆಲಸ ಆರಂಭಿಸಿದ್ದು 1937ರಲ್ಲಿ. ಮಾಡರ್ನ್ ಥಿಯೇಟರ್ಸಿನ ಮೊದಲ ಚಿತ್ರ ಹೊರಬಂದದ್ದೂ ಅದೇ ವರ್ಷ. ತಂತಿಯಲ್ಲಿ ಬಂದ ವಿದ್ಯುತ್ತು ಎಸಿ, ಆರ್ಕಿಗೆ ಬೇಕಾದದ್ದು ಡಿಸಿ. ಹೀಗಾಗಿ ಕಾಯಂ ಚಿತ್ರಮಂದಿರಗಳಿಗೆ ಮೊದಲು ಮೋಟಾರ್-ಜನರೇಟರ್ ಜೋಡಿ, ಆಮೇಲೆ ಪಾದರಸದ ರೆಕ್ಟಿಫೈಯರ್, ಸೆಲೆನಿಯಂ ರೆಕ್ಟಿಫೈಯರ್, ಕೊನೆಗೆ ಸಿಲಿಕಾನ್ ಡಯೋಡು ಬಂದವು. ಪ್ರತಿ ಹೆಜ್ಜೆಯಲ್ಲೂ ನಷ್ಟ ಕಡಿಮೆಯಾಯಿತು. ಪ್ರತಿ ಹೆಜ್ಜೆಯಲ್ಲೂ ದೀಪ ಊರಿನ ತಂತಿಗೆ ಇನ್ನಷ್ಟು ಹತ್ತಿರವಾಗಿ ಕಟ್ಟುಬಿತ್ತು. ಮೋಟಾರ್-ಜನರೇಟರಿನ ತಿರುಗುವ ಭಾರ ತಂತಿಯ ಸಣ್ಣಪುಟ್ಟ ಏರಿಳಿತವನ್ನು ತಾನೇ ನುಂಗಿಕೊಳ್ಳುತ್ತಿತ್ತು. ಡಯೋಡಿಗೆ ಆ ಗುಣವಿಲ್ಲ, ಬಂದದ್ದನ್ನು ಬಂದಂತೆ ದಾಟಿಸುತ್ತದೆ.

ತಂತಿಯ ಸ್ಥಿತಿಯೇ ಈ ಸೀಮೆಯ ದೊಡ್ಡ ಸಂಗತಿ. ಸೇಲಂ ಸುತ್ತ ಮಗ್ಗಗಳು, ಸಬ್ಬಕ್ಕಿ ಗಿರಣಿಗಳು; ಮಳೆ ಕಡಿಮೆಯಿರುವ ಧರ್ಮಪುರಿಯಲ್ಲಿ ಬಾವಿ ನೀರನ್ನೇ ನಂಬಿದ ಬೇಸಾಯ. 1957ರಲ್ಲಿ ತಮಿಳುನಾಡು ವಿದ್ಯುತ್ ಮಂಡಳಿ ರಚನೆಯಾದ ಮೇಲೆ ಹಳ್ಳಿ ವಿದ್ಯುದೀಕರಣದಲ್ಲಿ ಆ ರಾಜ್ಯ ದೇಶದಲ್ಲೇ ಮುಂದೆ ಹೋಯಿತು. 1990ರಿಂದ ರೈತರಿಗೆ ವಿದ್ಯುತ್ತು ಪೂರ್ಣ ಉಚಿತವಾಯಿತು. ಅದು ರೈತರಿಗೆ ದೊಡ್ಡ ಆಸರೆ, ಅದರ ಮೇಲೆ ಇಲ್ಲಿ ಆಕ್ಷೇಪವಿಲ್ಲ. ಆದರೆ ಉದ್ದದ ಹಳ್ಳಿ ಫೀಡರಿನ ಕೊನೆಯಲ್ಲಿ ನೂರಾರು ಪಂಪು ಒಟ್ಟಿಗೆ ಎಳೆದಾಗ ವೋಲ್ಟೇಜು ಕುಸಿಯುವುದು ಅನಿವಾರ್ಯ. ಜೊತೆಗೆ ಕೃಷಿ ಫೀಡರುಗಳಿಗೆ ಮೂರು ಫೇಸ್ ವಿದ್ಯುತ್ತನ್ನು ದಿನದಲ್ಲಿ ಕೆಲವೇ ಗಂಟೆ ಕೊಡುವ ಪದ್ಧತಿ ಬಹುಕಾಲ ನಡೆಯಿತು. 2008ರಿಂದ ಕೆಲ ವರ್ಷ ಚೆನ್ನೈ ಬಿಟ್ಟು ಉಳಿದ ಜಿಲ್ಲೆಗಳಲ್ಲಿ ದೀರ್ಘ ವಿದ್ಯುತ್ ಕಡಿತವಿದ್ದು, ಡೀಸೆಲ್ ಜನರೇಟರ್ ಇಲ್ಲದೆ ಚಿತ್ರಮಂದಿರ ನಡೆಸುವುದೇ ಕಷ್ಟವಾಗಿತ್ತು. ಅಮೆರಿಕದಲ್ಲೋ ಜರ್ಮನಿಯಲ್ಲೋ ಬರೆದ ಕೈಪಿಡಿ ಮೂಲ ವೋಲ್ಟೇಜು ಸ್ಥಿರವಾಗಿದೆ ಎಂದು ಎಣಿಸಿಕೊಂಡೇ ಶುರುವಾಗುತ್ತದೆ. ಧರ್ಮಪುರಿಯ ಪೆನ್ನಾಗರಕ್ಕೋ ತಳಿಗೋ ಆ ಎಣಿಕೆ ಒಗ್ಗುವುದಿಲ್ಲ.

ಕಣ್ಣು ಮತ್ತು ಮುಳ್ಳು

ಮೊದಲ ಪಂಥವನ್ನು ಆಪರೇಟರ್ ಪಂಥ ಎನ್ನಬಹುದು. ರೆಕ್ಟಿಫೈಯರಿನ ಮೇಲೊಂದು ಆಂಪಿಯರ್ ಮೀಟರು, ದೀಪದ ಪೆಟ್ಟಿಗೆಯ ಬಗಲಲ್ಲಿ ಆರ್ಕಿನ ನೆರಳು ಕಾಣುವ ಚಿಕ್ಕ ಪರದೆ, ಎದುರಿಗೆ ಕಿಂಡಿಯಾಚೆ ದೊಡ್ಡ ಪರದೆ. ಈ ಮೂರನ್ನೂ ನೋಡುತ್ತಾ ಕಡ್ಡಿಗಳ ಅಂತರ ಸರಿಪಡಿಸುತ್ತಿರುವುದು ಆಪರೇಟರನ ಕೆಲಸ. ತಾಮ್ರ ಲೇಪಿಸಿದ 7 ಮಿ.ಮೀ. ಪಾಸಿಟಿವ್ ಕಡ್ಡಿಗೆ ಸುಮಾರು 42ರಿಂದ 50 ಆಂಪಿಯರ್, 8 ಮಿ.ಮೀ. ಕಡ್ಡಿಗೆ 60ರಿಂದ 70 ಆಂಪಿಯರ್ ಎಂಬುದು ಬಳಕೆಯ ಲೆಕ್ಕ. ಕಡಿಮೆಯಾದರೆ ಬೆಳಕು ಹಳದಿಗೆ ತಿರುಗುತ್ತದೆ. ಹೆಚ್ಚಾದರೆ ಕಡ್ಡಿ ಬೇಗ ಕರಗಿ ತಾಮ್ರ ಸಿಡಿಯುತ್ತದೆ, ಬುಸುಗುಟ್ಟುತ್ತದೆ, ಕನ್ನಡಿಗೆ ಕಲೆ ಹತ್ತುತ್ತದೆ. ಎರಡು ಪ್ರೊಜೆಕ್ಟರುಗಳ ನಡುವೆ ರೀಲು ಬದಲಾದಾಗ ಒಂದರ ಬೆಳಕು ಬಿಳಿ, ಇನ್ನೊಂದರದು ಹಳದಿಯಾಗಿದ್ದರೆ ಅದು ಕರೆಂಟು ಸರಿಹೊಂದಿಸದ ಗುರುತು.

ಈ ಪಂಥದ ಬಲವೆಂದರೆ ಅಳತೆಯೂ ತಿದ್ದುಪಡಿಯೂ ಒಬ್ಬನೇ ಮನುಷ್ಯನ ಕೈಯಲ್ಲಿದ್ದವು. ಪರದೆಯನ್ನು ನೋಡುವ ಕಣ್ಣೇ ಕಡ್ಡಿಯನ್ನೂ ತಿರುಗಿಸುತ್ತಿತ್ತು. ಅದರ ಮಿತಿಯೂ ಆ ಕಣ್ಣಿನಲ್ಲೇ ಇದೆ. ನಮ್ಮ ಕಣ್ಣು ಬೆಳಕಿನ ಬದಲಾವಣೆಗೆ ಬೇಗ ಹೊಂದಿಕೊಳ್ಳುತ್ತದೆ. ಪರದೆಯ ಬೆಳಕು ಅರ್ಧಕ್ಕೆ ಇಳಿದರೂ ಕಣ್ಣಿಗೆ ಅದು ಸುಮಾರು ಐದನೇ ಒಂದು ಭಾಗ ಕಡಿಮೆಯಾದಂತೆ ಮಾತ್ರ ತೋರುತ್ತದೆ. ನಿಧಾನವಾಗಿ ಇಳಿದರೆ ಅದೂ ತೋರುವುದಿಲ್ಲ. ಪ್ರೇಕ್ಷಕರು ದೂರು ಹೇಳುವುದಿಲ್ಲ ಎಂದು ಮಾಲೀಕರು ಕೊಡುವ ಸಮಾಧಾನಕ್ಕೆ ಇಲ್ಲೇ ಉತ್ತರವಿದೆ. ಕಳೆದುಕೊಂಡದ್ದು ತಿಳಿಯದವರು ದೂರು ಕೊಡಲಾರರು. ದೂರಿಲ್ಲವೆಂದ ಮಾತ್ರಕ್ಕೆ ನಷ್ಟವಾಗಿಲ್ಲ ಎಂದಾಗುವುದಿಲ್ಲ. ಉಪಕರಣ ಬೇಕಾದದ್ದೇ ಕಣ್ಣಿನ ಈ ಔದಾರ್ಯಕ್ಕೆ ಎದುರಾಗಿ.

ಕ್ಸೆನಾನ್ ಮತ್ತು ಸ್ಥಿರ ಕರೆಂಟಿನ ವಾದ

1950ರ ದಶಕದ ನಡುವೆ ಜರ್ಮನಿಯಲ್ಲಿ ಓಸ್ರಾಮ್ ಕಂಪನಿಯ ಕ್ಸೆನಾನ್ ದೀಪ ಸಿನಿಮಾಕ್ಕೆ ಬಂತು. ನಮ್ಮ ಸಣ್ಣ ಊರುಗಳನ್ನು ಅದು ಮುಟ್ಟಲು ದಶಕಗಳು ಹಿಡಿದವು. ಗಟ್ಟಿ ಸ್ಫಟಿಕದ ಗೋಳದೊಳಗೆ ವಾತಾವರಣದ ಹಲವು ಪಟ್ಟು ಒತ್ತಡದಲ್ಲಿ ಕ್ಸೆನಾನ್ ಅನಿಲ, ಎರಡು ಟಂಗ್‌ಸ್ಟನ್ ತುದಿಗಳ ನಡುವೆ ಕೆಲವೇ ಮಿಲಿಮೀಟರ್ ಅಂತರ. ಹೊತ್ತಿಸಲು ಕ್ಷಣಕಾಲ 20-30 ಸಾವಿರ ವೋಲ್ಟಿನ ಹೊಡೆತ ಬೇಕು. ಹೊತ್ತಿದ ಮೇಲೆ 2 ಕಿಲೋವಾಟ್ ದೀಪ ಸುಮಾರು 25-27 ವೋಲ್ಟಿನಲ್ಲಿ 70-80 ಆಂಪಿಯರ್ ಕುಡಿಯುತ್ತದೆ, 3 ಕಿಲೋವಾಟಿನದು 100 ಆಂಪಿಯರ್. ಕಡ್ಡಿ ಸರಿಸುವ ಕೆಲಸ ಮುಗಿಯಿತು. ಆಪರೇಟರನ ಕೈಗೆ ಉಳಿದದ್ದು ಒಂದೇ ಗುಂಡಿ, ಒಂದೇ ಮೀಟರು.

ಎರಡನೆಯದಾದ ಸ್ಥಿರ ಕರೆಂಟಿನ ಪಂಥ ಬಲವಾದದ್ದು ಇಲ್ಲಿಂದ. ಅದರ ತರ್ಕ ನೇರವಾಗಿದೆ. ಕ್ಸೆನಾನ್ ದೀಪದಲ್ಲಿ ವೋಲ್ಟೇಜು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಬೆಳಕನ್ನು ನಿರ್ಧರಿಸುವುದು ಕರೆಂಟು. ಕರೆಂಟು ಶೇ. 10 ಇಳಿದರೆ ಬೆಳಕು ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಮೇಲಿನ ಮಿತಿ ದಾಟಿದರೆ ಆನೋಡು ಕರಗುತ್ತದೆ, ಗೋಳದ ಒಳಮೈ ಕಪ್ಪಾಗುತ್ತದೆ, ಅಷ್ಟು ಒತ್ತಡದ ಗಾಜು ಸಿಡಿಯುವ ಅಪಾಯವೂ ಇದೆ. ಕೆಳಗಿನ ಮಿತಿಗಿಂತ ಇಳಿಸಿದರೆ ಕ್ಯಾಥೋಡಿನ ತುದಿ ಸಾಕಷ್ಟು ಬಿಸಿಯಾಗದೆ ಆರ್ಕ್ ಒಂದೆಡೆ ನಿಲ್ಲದೆ ಅಲೆಯುತ್ತದೆ, ಚಿತ್ರ ಮಿಣುಕುತ್ತದೆ. ಹಾಗಾಗಿ ತಂತಿಯ ವೋಲ್ಟೇಜು ಏನೇ ಆಗಲಿ ಕರೆಂಟನ್ನು ಹಿಡಿದಿಡುವ ರೆಕ್ಟಿಫೈಯರ್ ಬೇಕು. ಮೊದಲು ಥೈರಿಸ್ಟರ್, ಆಮೇಲೆ ಸ್ವಿಚ್ ಮೋಡ್ ಸಪ್ಲೈ, ಅಳೆಯಲು ಶಂಟ್ ಅಥವಾ ಹಾಲ್ ಸೆನ್ಸಾರ್. ಪಂಪುಗಳು ಶುರುವಾಗಿ ವೋಲ್ಟೇಜು ಬಿದ್ದಾಗಲೂ ಪರದೆ ಅಲುಗದಂತೆ ನಿಲ್ಲಿಸಿದ್ದು ಈ ಪಂಥದ ದೊಡ್ಡ ಸಾಧನೆ. ಧರ್ಮಪುರಿಯಂಥ ಕಡೆ ಇದನ್ನು ಕಡಿಮೆಯೆಂದು ಎಣಿಸುವಂತಿಲ್ಲ.

ಇಲ್ಲೊಂದು ಜನಪ್ರಿಯ ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಕರೆಂಟು ಇಳಿಸಿದಷ್ಟೂ ದೀಪ ಬಾಳುತ್ತದೆ, ಬಿಲ್ಲೂ ಉಳಿಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬೇರೂರಿದೆ. ಹೊಸ ದೀಪವನ್ನು ಕೊಂಚ ಕಡಿಮೆ ಕರೆಂಟಿನಲ್ಲಿ ಆರಂಭಿಸಿ, ದೀಪ ಹಳತಾದಂತೆ ಏರಿಸುತ್ತಾ ಹೋಗುವುದು ಸರಿಯಾದ ಕ್ರಮ. ತಯಾರಕರು ಕೊಟ್ಟ ವ್ಯಾಪ್ತಿಯ ಕೆಳಗೆ ಇಳಿಸಿ ಅಲ್ಲೇ ನಿಲ್ಲಿಸಿದರೆ ಮೇಲೆ ಹೇಳಿದಂತೆ ಆರ್ಕ್ ಅಲೆದಾಡಿ ಕ್ಯಾಥೋಡಿನ ತುದಿ ಕೆಡುತ್ತದೆ. 2 ಕಿಲೋವಾಟ್ ದೀಪಕ್ಕೆ ಎರಡು ಸಾವಿರ ಗಂಟೆಯ ಆಸುಪಾಸಿನ ಬಾಳಿಕೆ ನಿಗದಿಯಿದ್ದರೆ, ಅದನ್ನು ಮೂರು ಸಾವಿರಕ್ಕೆ ಎಳೆಯುವ ಉಳಿತಾಯವನ್ನು ಕೊನೆಗೆ ತೆರುವವರು ಪ್ರೇಕ್ಷಕರು.

ಸರಾಸರಿಯ ಹಿಂದೆ ಅಡಗಿದ್ದು

ಸ್ಥಿರ ಕರೆಂಟಿನ ಪಂಥಕ್ಕೆ ಅದರದೇ ಮನೆಯೊಳಗಿಂದ ಎದ್ದ ಆಕ್ಷೇಪ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಮುಳ್ಳಿನ ಮೀಟರು ತೋರಿಸುವುದು ಸರಾಸರಿ ಕರೆಂಟನ್ನು. ರೆಕ್ಟಿಫೈಯರಿನಿಂದ ಬರುವ ಡಿಸಿ ಸಂಪೂರ್ಣ ನಯವಾಗಿರುವುದಿಲ್ಲ, ಅದರ ಮೇಲೆ ಸಣ್ಣ ಏರಿಳಿತ ಕೂತಿರುತ್ತದೆ. ಅದೇ ರಿಪಲ್. ಒಂದು ಫೇಸಿನ ರೆಕ್ಟಿಫೈಯರಿನಲ್ಲಿ ಅದು ಸೆಕೆಂಡಿಗೆ 100 ಬಾರಿ, ಮೂರು ಫೇಸಿನದರಲ್ಲಿ 300 ಬಾರಿ ಏರಿಳಿಯುತ್ತದೆ. ಮೂರು ಫೇಸಿನಲ್ಲಿ ಏರಿಳಿತದ ಗಾತ್ರವೂ ಚಿಕ್ಕದು, ಚೋಕ್ ಹಾಕಿ ಅದನ್ನು ಅಡಗಿಸುವುದೂ ಸುಲಭ. ಕ್ಸೆನಾನ್ ದೀಪದ ಒಳತಡೆ ಬಹಳ ಕಡಿಮೆ, ವೋಲ್ಟೇಜಿನ ಸಣ್ಣ ಅಲೆಯೇ ಕರೆಂಟಿನಲ್ಲಿ ದೊಡ್ಡ ಅಲೆಯಾಗುತ್ತದೆ. ಆದ್ದರಿಂದಲೇ ದೀಪ ತಯಾರಕರು ರಿಪಲ್ ಶೇ. 5ರಿಂದ 10ರೊಳಗೆ ಇರಬೇಕೆಂದು ಪಟ್ಟು ಹಿಡಿಯುತ್ತಾರೆ.

ಈಗ ಮೂರು ಫೇಸುಗಳಲ್ಲಿ ಒಂದು ಹೋಯಿತೆಂದುಕೊಳ್ಳಿ. ಹೈಟೆನ್ಷನ್ ಫ್ಯೂಸು ಹಾರಿರಬಹುದು, ಫೀಡರಿಗೆ ಎರಡೇ ಫೇಸಿನ ಹೊತ್ತು ಇರಬಹುದು. ಸರಿಯಾದ ಫೇಸ್ ರಕ್ಷಣೆಯಿಲ್ಲದ ರೆಕ್ಟಿಫೈಯರ್ ನಿಲ್ಲುವುದಿಲ್ಲ. ಆಪರೇಟರ್ ಗುಂಡಿ ತಿರುಗಿಸಿ ಮುಳ್ಳನ್ನು ಮತ್ತೆ 75 ಆಂಪಿಯರಿಗೆ ತಂದು ನಿಲ್ಲಿಸಬಲ್ಲ. ಮುಳ್ಳು 75 ಎನ್ನುತ್ತದೆ. ಒಳಗೆ ಕರೆಂಟು ಸೆಕೆಂಡಿಗೆ 100 ಬಾರಿ ಎತ್ತರಕ್ಕೆ ಜಿಗಿದು ಆಳಕ್ಕೆ ಬೀಳುತ್ತಿರುತ್ತದೆ. ಪ್ರತಿ ಜಿಗಿತದಲ್ಲೂ ಆನೋಡಿಗೆ ಪೆಟ್ಟು, ಪ್ರತಿ ಕುಸಿತದಲ್ಲೂ ಕ್ಯಾಥೋಡು ತಣ್ಣಗಾಗುತ್ತದೆ. ದೀಪ ಅಕಾಲದಲ್ಲಿ ಕಪ್ಪಾದಾಗ ದೂಷಣೆ ಬೀಳುವುದು ದೀಪದ ಬ್ರಾಂಡಿನ ಮೇಲೆ. ಪರದೆಯ ಮೇಲೂ ಇದರ ಗುರುತಿದೆ. ಫಿಲ್ಮು ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ, ಎರಡು ರೆಕ್ಕೆಯ ಷಟರು ಪ್ರತಿ ಚೌಕಟ್ಟನ್ನು ಎರಡು ಬಾರಿ ತೋರಿಸಿ 48 ಮಿಂಚು ಕೊಡುತ್ತದೆ. ಅದರ ಇಮ್ಮಡಿ 96, ರಿಪಲ್ 100. ಇವೆರಡರ ನಡುವಿನ ವ್ಯತ್ಯಾಸ ಸೆಕೆಂಡಿಗೆ 4 ಬಾರಿಯ ಮಂದ ಮಿಣುಕಾಗಿ ಕಾಣುತ್ತದೆ. ಆಕಾಶವೋ ಬಿಳಿ ಗೋಡೆಯೋ ತುಂಬಿದ ದೃಶ್ಯದಲ್ಲಿ ಅದು ಎದ್ದು ಕಾಣುತ್ತದೆ. 60 ಹರ್ಟ್ಸ್ ದೇಶಗಳಲ್ಲಿ ಈ ವ್ಯತ್ಯಾಸ ಸೆಕೆಂಡಿಗೆ 24 ಆಗುವುದರಿಂದ ಕಣ್ಣಿಗೆ ಅಷ್ಟಾಗಿ ಸಿಗುವುದಿಲ್ಲ. 50 ಹರ್ಟ್ಸಿನ ನಮಗೆ ಈ ತೊಂದರೆ ಸಹಜವಾಗಿಯೇ ಹೆಚ್ಚು.

ರಿಪಲ್ ಅಳೆಯಲು ದುಬಾರಿ ಸಾಧನವೇನೂ ಬೇಡ. 100 ಆಂಪಿಯರಿಗೆ 75 ಮಿಲಿವೋಲ್ಟ್ ಕೊಡುವ ಶಂಟಿನಲ್ಲಿ 75 ಆಂಪಿಯರ್ ಹರಿದರೆ ಡಿಸಿ ಅಳತೆ ಸುಮಾರು 56 ಮಿಲಿವೋಲ್ಟ್. ಅದೇ ಶಂಟಿಗೆ ಒಳ್ಳೆಯ ಮಲ್ಟಿಮೀಟರನ್ನು ಎಸಿ ಮಿಲಿವೋಲ್ಟಿನಲ್ಲಿಟ್ಟು ಜೋಡಿಸಿದರೆ, ಶೇ. 5ರ ರಿಪಲ್‌ಗೆ ಸುಮಾರು 1 ಮಿಲಿವೋಲ್ಟ್ ಬರಬೇಕು. ಹತ್ತೋ ಹದಿನೈದೋ ಬಂದರೆ ಫೇಸ್ ಹೋಗಿದೆ, ಇಲ್ಲವೇ ಡಯೋಡು ಸುಟ್ಟಿದೆ. ದೀಪ ಹೊತ್ತಿಕೊಂಡ ಮೇಲೆ ಮಾತ್ರ ಮೀಟರನ್ನು ತಗುಲಿಸಬೇಕು. ಹೊತ್ತಿಸುವ ಹೊಡೆತದ ಹೊತ್ತಿನಲ್ಲಿ ಮೀಟರಿಗೂ ಮನುಷ್ಯನಿಗೂ ಅಪಾಯ. ಇಷ್ಟು ಸರಳ ಪರೀಕ್ಷೆ ವಾಡಿಕೆಯಾಗದೆ ಹೋದದ್ದಕ್ಕೆ ಕಾರಣ ಆಪರೇಟರುಗಳ ಅಸಡ್ಡೆಯಲ್ಲ. ಅವರ ಮುಂದೆ ಇಟ್ಟ ಮೀಟರು ಒಂದೇ ಸಂಗತಿ ಹೇಳುತ್ತಿತ್ತು, ಅದನ್ನೇ ನಂಬುವಂತೆ ಅವರಿಗೆ ಕಲಿಸಲಾಗಿತ್ತು.

ವಾಟಿನ ಪಂಥ

ದೀಪ ಹಳತಾದಂತೆ ತುದಿಗಳು ಸವೆದು ಅಂತರ ಹೆಚ್ಚುತ್ತದೆ, ವೋಲ್ಟೇಜು ನಿಧಾನ ಏರುತ್ತದೆ. ಕರೆಂಟನ್ನು ಸ್ಥಿರವಾಗಿಟ್ಟರೆ ದೀಪ ಕುಡಿಯುವ ವಾಟು ತಾನೇ ಏರುತ್ತದೆ. ಹಾಗಾಗಿ ವಾಟನ್ನು ಹಿಡಿದಿಡಿ ಎಂಬುದು ಮೂರನೆಯ ನಿಲುವು. ಇದಕ್ಕೆ ಬಲ ಬಂದದ್ದು 2005ರ ನಂತರ ಉಪಗ್ರಹದ ಮೂಲಕ ಸಣ್ಣ ಊರುಗಳಿಗೆ ಚಿತ್ರ ಕಳಿಸುವ ಯುಎಫ್‌ಓ ಮೂವೀಸ್‌ನಂಥ ವ್ಯವಸ್ಥೆಗಳು ಬಂದಾಗ. ಆ ಬಗೆಯ ಹಲವು ಚಿಕ್ಕ ಪ್ರೊಜೆಕ್ಟರುಗಳಲ್ಲಿದ್ದುದು ಕೆಲವು ನೂರು ವಾಟಿನ ಪಾದರಸದ ದೀಪ. ಅದರ ಬ್ಯಾಲಾಸ್ಟು ವಾಟನ್ನೇ ಸ್ಥಿರವಾಗಿಡುತ್ತದೆ. ದೀಪ ಮುದಿಯಾದಂತೆ ವೋಲ್ಟೇಜು ಏರಿ ಕರೆಂಟು ಇಳಿಯುತ್ತದೆ. ಅಲ್ಲಿ ಇಳಿದ ಆಂಪಿಯರನ್ನು ಕಂಡು ಗಾಬರಿಯಾಗಬೇಕಿಲ್ಲ, ದೀಪದ ವಯಸ್ಸು ಹೇಳುವುದು ವೋಲ್ಟೇಜು. ಕ್ಸೆನಾನಿನ ಅಭ್ಯಾಸವನ್ನು ಇಲ್ಲಿಗೆ ತಂದರೆ ಅಳತೆಯ ಅರ್ಥ ತಲೆಕೆಳಗಾಗುತ್ತದೆ. ವಾಟಿನ ಪಂಥ ದೀಪವನ್ನು ಇನ್ನೂ ಚೆನ್ನಾಗಿ ಕಾಯುತ್ತದೆ ಎಂಬುದನ್ನು ಒಪ್ಪಬೇಕು. ಅದರ ಕಾಳಜಿಯೂ ದೀಪದವರೆಗೆ ಬಂದು ನಿಲ್ಲುತ್ತದೆ.

ಪರದೆಯಿಂದ ಹಿಂದಕ್ಕೆ ನಡೆದವರು

ನಾಲ್ಕನೆಯ ನಿಲುವು ದಾರಿಯನ್ನೇ ತಿರುಗಿಸುತ್ತದೆ. ಮೊದಲು ಪರದೆಯ ಬೆಳಕು ಎಷ್ಟಿರಬೇಕೆಂದು ನಿಗದಿ ಮಾಡಿ, ಅದಕ್ಕೆ ಬೇಕಾದ ಕರೆಂಟು ತಾನಾಗಿ ಹೊಂದಿಕೊಳ್ಳಲಿ ಎನ್ನುತ್ತದೆ. ಅಮೆರಿಕದ ಸಿನಿಮಾ ಎಂಜಿನಿಯರುಗಳ ಸಂಸ್ಥೆ ಎಸ್‌ಎಂಪಿಟಿಇ ಫಿಲ್ಮಿಗೆ 16 ಫುಟ್-ಲ್ಯಾಂಬರ್ಟ್, ಅಂದರೆ ಚದರ ಮೀಟರಿಗೆ ಸುಮಾರು 55 ಕ್ಯಾಂಡೆಲಾ ಎಂದು ಗೊತ್ತುಮಾಡಿತ್ತು. ಡಿಜಿಟಲ್ ಸಿನಿಮಾದ ಮಾನದಂಡ 14 ಫುಟ್-ಲ್ಯಾಂಬರ್ಟ್, 48 ಕ್ಯಾಂಡೆಲಾ. ಇದರಿಂದ ಲೆಕ್ಕ ಶುರುಮಾಡಿದರೆ ಹಲವು ಸಂಗತಿಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. 12 ಮೀಟರ್ ಅಗಲ, 5 ಮೀಟರ್ ಎತ್ತರದ ಮಾಮೂಲು ಬಿಳಿ ಪರದೆಗೆ ಸುಮಾರು 9 ಸಾವಿರ ಲ್ಯೂಮೆನ್ ಬೆಳಕು ಬೀಳಬೇಕು. ಅಗಲವೂ ಎತ್ತರವೂ ಎರಡರಷ್ಟಾದರೆ ಬೇಕಾದ ಬೆಳಕು ನಾಲ್ಕರಷ್ಟು. ತಮಿಳಿನಲ್ಲಿ 1973ರ ‘ರಾಜರಾಜ ಚೋಳನ್’, ಕನ್ನಡದಲ್ಲಿ 1977ರ ‘ಸೊಸೆ ತಂದ ಸೌಭಾಗ್ಯ’ ಸಿನಿಮಾಸ್ಕೋಪ್ ತಂದಾಗ ಪರದೆ ಅಗಲವಾಯಿತು. ಹಳೆಯ ದೀಪ, ಹಳೆಯ ರೆಕ್ಟಿಫೈಯರ್ ಇಟ್ಟುಕೊಂಡೇ ಪರದೆ ಅಗಲಿಸಿದ ಕಡೆ ಮೀಟರಿನ ಮುಳ್ಳು ಸರಿಯಾದ ಜಾಗದಲ್ಲೇ ನಿಂತಿದ್ದರೂ ಚಿತ್ರ ಮಂಕಾಗಲೇಬೇಕು. 1984ರಲ್ಲಿ ‘ಮೈ ಡಿಯರ್ ಕುಟ್ಟಿಚಾತ್ತನ್’ 3ಡಿಯಲ್ಲಿ ಬಂದಾಗ ಧ್ರುವೀಕರಣದ ಕನ್ನಡಕ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗಿತು. ಆಗಲೂ ಆಂಪಿಯರ್ ಮೀಟರು ಅದರ ಸುಳಿವು ಕೊಡುವಂತಿರಲಿಲ್ಲ. ಧೂಳು ಹಿಡಿದ ಕಿಂಡಿಯ ಗಾಜು, ಮಬ್ಬಾದ ರಿಫ್ಲೆಕ್ಟರು, ಹೊಗೆ ಕುಡಿದ ಪರದೆ, ಯಾವುದೂ ಮೀಟರಿನಲ್ಲಿ ಕಾಣುವುದಿಲ್ಲ.

ಕ್ರಿಸ್ಟಿ ಕಂಪನಿಯ ಲೈಟ್‌ಲಾಕ್‌ನಂಥ ವ್ಯವಸ್ಥೆಗಳು ಪ್ರೊಜೆಕ್ಟರಿನೊಳಗೆ ಬೆಳಕಿನ ಸೆನ್ಸಾರ್ ಇಟ್ಟು, ದೀಪ ಹಳತಾದಂತೆ ಕರೆಂಟನ್ನು ತಾವೇ ಏರಿಸುತ್ತವೆ. ಈ ಪಂಥಕ್ಕೂ ಆಕ್ಷೇಪಗಳಿವೆ. ಸೆನ್ಸಾರು ಪ್ರೊಜೆಕ್ಟರಿನೊಳಗಿದ್ದರೆ ಲೆನ್ಸು, ಕಿಂಡಿ, ಪರದೆಯ ದೋಷಗಳು ಅದಕ್ಕೆ ಕಾಣುವುದಿಲ್ಲ. ಬೆಳಕು ಕಡಿಮೆಯಾದದ್ದು ಕನ್ನಡಿಯ ಕೊಳೆಯಿಂದಾದರೂ ಯಂತ್ರ ಕರೆಂಟನ್ನೇ ಏರಿಸಿ ದೀಪವನ್ನು ದಂಡಿಸುತ್ತದೆ. ಆದ್ದರಿಂದ ಬೆಳಕಿನ ಅಳತೆ ಆಂಪಿಯರಿನ ಅಳತೆಯನ್ನು ಓಡಿಸಿಬಿಡಬೇಕು ಎಂದು ನಾನು ಹೇಳುವುದಿಲ್ಲ. ಎರಡೂ ಒಟ್ಟಿಗೆ ಇದ್ದಾಗ ಮಾತ್ರ ತಪ್ಪು ಎಲ್ಲಿದೆ ಎಂಬುದು ತಿಳಿಯುತ್ತದೆ. ಕರೆಂಟು ಸರಿಯಿದ್ದು ಬೆಳಕು ಇಳಿದರೆ ದೋಷ ದೀಪದ ವಯಸ್ಸಿನಲ್ಲೋ ಗಾಜಿನಲ್ಲೋ ಇದೆ. ಕರೆಂಟೂ ಬೆಳಕೂ ಒಟ್ಟಿಗೆ ಇಳಿದರೆ ರೆಕ್ಟಿಫೈಯರನ್ನು, ತಂತಿಯನ್ನು ನೋಡಬೇಕು. ಕರೆಂಟೂ ಬೆಳಕೂ ಸರಿಯಿದ್ದು ದೀಪ ಬೇಗ ಸತ್ತರೆ ರಿಪಲ್ ಅಳೆಯಬೇಕು.

ಖರ್ಚಿನ ಆಕ್ಷೇಪ ಉಳಿಯುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಟಿಕೆಟ್ ದರ ಕಡಿಮೆ, ಡೀಸೆಲ್ ಖರ್ಚು ಹೆಚ್ಚು ಇದ್ದ ಸಣ್ಣ ಮಂದಿರಗಳು ನಿಂತದ್ದೇ ಕಷ್ಟದಿಂದ. ಎಷ್ಟೋ ಮಂದಿರಗಳು ಕಲ್ಯಾಣಮಂಟಪಗಳಾದವು. ಆದರೆ ಪರದೆಯ ಬೆಳಕು ಅಳೆಯುವ ಮೀಟರು ಪ್ರತಿ ಮಂದಿರಕ್ಕೂ ಬೇಕಿಲ್ಲ, ಜಿಲ್ಲೆಗೊಂದಿದ್ದರೂ ಸಾಕು. ಚಿತ್ರಮಂದಿರಕ್ಕೆ ವಿದ್ಯುತ್ ಇನ್‌ಸ್ಪೆಕ್ಟರ್ ಪರಿಶೀಲನೆ ಹೇಗೂ ಇದೆ. 1955ರ ತಮಿಳುನಾಡಿನ ಸಿನಿಮಾ ನಿಯಂತ್ರಣ ಕಾಯ್ದೆಯಾಗಲಿ 1964ರ ಕರ್ನಾಟಕದ ಕಾಯ್ದೆಯಾಗಲಿ ಮುಖ್ಯವಾಗಿ ನೋಡುವುದು ಬೆಂಕಿ, ವೈರಿಂಗು, ಜನರ ಸುರಕ್ಷತೆಯನ್ನು. ನೈಟ್ರೇಟ್ ಫಿಲ್ಮು ಹೊತ್ತಿ ಉರಿಯುತ್ತಿದ್ದ ಕಾಲದಿಂದ ಬಂದ ಆ ಎಚ್ಚರ ಸರಿಯಾದದ್ದೇ. ಅದೇ ಭೇಟಿಯಲ್ಲಿ ಪರದೆಯ ಬೆಳಕನ್ನು ಅಳೆದು ಬರೆದುಕೊಳ್ಳಲು ಹೆಚ್ಚಿನ ಹೊತ್ತು ಹಿಡಿಯುವುದಿಲ್ಲ.

ಇನ್ನೂ ಇತ್ಯರ್ಥವಾಗದ್ದು

ಸೆನ್ಸಾರು ಎಲ್ಲಿರಬೇಕು ಎಂಬುದು ಮೊದಲ ಬಾಕಿ ಪ್ರಶ್ನೆ. ಸಭಾಂಗಣದಲ್ಲಿಟ್ಟರೆ ಪರದೆಯ ನಿಜ ತಿಳಿಯುತ್ತದೆ, ಆದರೆ ಚಿತ್ರ ಓಡುವಾಗ ಬೆಳಕು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಅಳತೆಗೆ ಬಿಳಿ ಚೌಕಟ್ಟಿನ ಪ್ರತ್ಯೇಕ ಪರೀಕ್ಷೆ ಬೇಕು. ಪ್ರೊಜೆಕ್ಟರಿನೊಳಗಿಟ್ಟರೆ ಸದಾ ಅಳೆಯಬಹುದು, ಆದರೆ ಅರ್ಧ ಸತ್ಯ. ಎರಡನೆಯದು ದಾಖಲೆಯ ಒಡೆತನ. ಇಂದಿನ ಡಿಜಿಟಲ್ ಪ್ರೊಜೆಕ್ಟರು ದೀಪದ ಗಂಟೆ, ಕರೆಂಟು, ದೋಷಗಳನ್ನೆಲ್ಲ ತಾನೇ ಬರೆದಿಡುತ್ತದೆ, ದೂರದಿಂದಲೂ ಓದಬಹುದು. ಅದನ್ನು ಓದುವ ಹಕ್ಕು ಯಂತ್ರ ಬಾಡಿಗೆಗೆ ಕೊಟ್ಟ ಕಂಪನಿಗೋ, ಮಂದಿರದ ಮಾಲೀಕರಿಗೋ, ತನ್ನ ಚಿತ್ರ ಹೇಗೆ ತೋರಿತೆಂದು ತಿಳಿಯಬಯಸುವ ನಿರ್ಮಾಪಕರಿಗೋ ಎಂಬುದು ತೀರ್ಮಾನವಾಗಿಲ್ಲ. ಮೂರನೆಯದು ಲೇಸರಿನದು. ಲೇಸರ್-ಫಾಸ್ಫರ್ ಯಂತ್ರಗಳು ಕೆಲವು ಹತ್ತು ಸಾವಿರ ಗಂಟೆ ಬಾಳುತ್ತವೆ, ಒಡೆಯುವುದೂ ಇಲ್ಲ, ಥಟ್ಟನೆ ಆರುವುದೂ ಇಲ್ಲ. ಡಯೋಡುಗಳಿಗೆ ಕರೆಂಟು ಅಷ್ಟೇ ಹರಿಯುತ್ತಿದ್ದರೂ ಬೆಳಕು ವರ್ಷಗಟ್ಟಲೆ ಮೆಲ್ಲಗೆ ಇಳಿಯುತ್ತದೆ. ಬೆಳಕು ಅರ್ಧಕ್ಕಿಳಿದಾಗ ಬಾಳು ಮುಗಿಯಿತೆಂದು ತಯಾರಕರು ಎಣಿಸುವ ಪದ್ಧತಿಯಿದೆ. ಪ್ರೇಕ್ಷಕರ ಕಡೆಯಿಂದ ನೋಡಿದರೆ ಅರ್ಧ ತೀರಾ ತಡವಾಯಿತು ಎಂಬುದು ನನ್ನ ಅಭಿಪ್ರಾಯ, ಆದರೆ ಎಲ್ಲಿ ಗೆರೆ ಎಳೆಯಬೇಕು ಎಂಬುದರಲ್ಲಿ ಒಮ್ಮತವಿಲ್ಲ. 2017ರಲ್ಲಿ ಸ್ಯಾಮ್‌ಸಂಗ್ ತಂದಂಥ ಎಲ್‌ಇಡಿ ಪರದೆಗಳು ಹರಡಿದರೆ ದೀಪವೆಂಬುದೇ ಇರುವುದಿಲ್ಲ, ಪ್ರತಿ ಚುಕ್ಕಿಗೂ ಅದರದೇ ಕರೆಂಟು. ಅಲ್ಲಿ ಏನನ್ನು ಅಳೆಯಬೇಕೆಂಬ ಚರ್ಚೆ ಈಗಷ್ಟೇ ಆರಂಭವಾಗಿದೆ.

ನಾಲ್ಕನೆಯದು ನಮ್ಮ ಕೈಯಳತೆಯಲ್ಲೇ ಇದೆ. ಸೇಲಂ, ಧರ್ಮಪುರಿ, ಹೊಸೂರು, ಗಡಿಯಾಚೆ ಆನೇಕಲ್, ಚಾಮರಾಜನಗರದ ಮಂದಿರಗಳಿಗೆ ಪರದೆಯ ಬೆಳಕಿನ ಕನಿಷ್ಠ ಮಟ್ಟ ಎಷ್ಟಿರಬೇಕೆಂದು ಎರಡೂ ರಾಜ್ಯಗಳ ಪ್ರದರ್ಶಕರ ಸಂಘಗಳು ಕೂತು ನಿಗದಿ ಮಾಡಬೇಕು. ಲೈಸೆನ್ಸ್ ನವೀಕರಣದ ಹೊತ್ತಿಗೆ ಕರೆಂಟು, ರಿಪಲ್, ಪರದೆಯ ಬೆಳಕು ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು, ಟಿಕೆಟ್ ಕೌಂಟರಿನ ಬಳಿ ಎಲ್ಲರಿಗೂ ಕಾಣುವಂತೆ ಹಾಕಬೇಕು.